ಅವರಿಗೆ ಗೊತ್ತಿರುತ್ತೆ ಬಿಡಿ

ಸ್ಯಾನ್ ಫ್ರಾನ್ಸಿಸ್ಕೋಗೆ ಮೊದಲ ಸಲ ಹೋದಾಗಿನ ಮಾತು. ವಿಮಾನ ಕೊಲ್ಲಿಯ ಮೇಲೆ ಇಳೀತಾ ಇತ್ತು. ಕೆಳಗೆ ಬರೀ ನೀರು, ದೂರದಲ್ಲಿ ಒಂದು ಉದ್ದನೆ ಸೇತುವೆ, ಒಳ್ಳೆ ಬಿಸಿಲು. ಕಿಟಕಿ ಪಕ್ಕ ಕೂತಿದ್ದವರು ಮೈಸೂರಿನ ಕಡೆಯ ಹಿರಿಯ ಹೆಂಗಸು, ಮಗನ ಮನೆಗೆ ಹೊರಟಿದ್ದವರು. ಅಲ್ಲೀವರೆಗೂ ಸುಮ್ಮನಿದ್ದವರು ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದು ಎಳೆದರು. "ಏನಪ್ಪಾ ಇದು, ಇನ್ನೊಂದು ಪ್ಲೇನು ನಮ್ಮ ಪಕ್ಕಾನೇ ಬರ್ತಾ ಇದೆಯಲ್ಲ!"

ಬಗ್ಗಿ ನೋಡಿದೆ. ನಿಜ. ನಮ್ಮಷ್ಟೇ ಎತ್ತರದಲ್ಲಿ, ನಮ್ಮಷ್ಟೇ ವೇಗದಲ್ಲಿ ಇನ್ನೊಂದು ವಿಮಾನ ಚಕ್ರ ಇಳಿಬಿಟ್ಟುಕೊಂಡು ಬರ್ತಿತ್ತು. ಅದರ ಕಿಟಕಿಗಳನ್ನ ಎಣಿಸಬಹುದಿತ್ತು. ಔಟರ್ ರಿಂಗ್ ರೋಡಲ್ಲಿ ಪಕ್ಕದ ಲೇನಿನ ಕ್ಯಾಬ್ ನಮ್ಮ ಜೊತೆಜೊತೆಗೇ ಬರುತ್ತಲ್ಲ, ಹಾಗೆ. ಹಿಂದಿನ ಸೀಟಿನವರು ಆಗಲೇ ಫೋನ್ ತೆಗೆದು ವಿಡಿಯೋ ಮಾಡ್ತಿದ್ದರು.

"ಏನೂ ಆಗಲ್ಲಮ್ಮ, ಅವರಿಗೆ ಗೊತ್ತಿರುತ್ತೆ ಬಿಡಿ" ಅಂದೆ.

ಅಂದೆ, ಸರಿ. ಆದರೆ 'ಅವರು' ಅಂದರೆ ಯಾರು? ಅವರಿಗೆ ಗೊತ್ತಿರೋದು ಏನು? ಗೊತ್ತಿಲ್ಲದೇ ಹೋದರೆ? ಎರಡೂ ವಿಮಾನ ಹೆಚ್ಚುಕಮ್ಮಿ ಒಟ್ಟಿಗೇ ನೆಲ ಮುಟ್ಟಿದವು, ಅಮ್ಮ ಕಣ್ಣು ಬಿಟ್ಟರು, ಎಲ್ಲರೂ ಬ್ಯಾಗ್ ಇಳಿಸೋಕೆ ನಿಂತರು. ಪ್ರಶ್ನೆ ಮಾತ್ರ ನನ್ನ ಜೊತೆ ಉಳ್ಕೊಳ್ತು. ಆಮೇಲೆ ಓದ್ತಾ ಹೋದ ಹಾಗೆ ಒಂದು ವಿಷಯ ಅರ್ಥವಾಯ್ತು. ಪಕ್ಕಪಕ್ಕದ ರನ್‌ವೇಗಳಲ್ಲಿ ವಿಮಾನ ಇಳಿಸುವ ಚರಿತ್ರೆ ಅಂದರೆ, "ಅವರಿಗೆ ಗೊತ್ತಿರುತ್ತೆ ಬಿಡಿ" ಅನ್ನೋ ಮಾತನ್ನ ನಂಬಬಾರದು ಅಂತ ಕಲಿತ ಚರಿತ್ರೆ.

ಮೊದಲು ಜಾಗ ನೋಡಿಬಿಡೋಣ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣ ಶುರುವಾಗಿದ್ದು 1927ರಲ್ಲಿ, ಮಿಲ್ಸ್ ಅನ್ನೋ ಮನೆತನದಿಂದ ಗುತ್ತಿಗೆಗೆ ತಗೊಂಡ ಸುಮಾರು 150 ಎಕರೆ ದನ ಮೇಯುವ ಜಾಗದಲ್ಲಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೊಲ್ಲಿ. ಬೆಳೀಬೇಕು ಅಂದರೆ ನೀರಿಗೆ ಮಣ್ಣು ತುಂಬಬೇಕು. ತುಂಬುತ್ತಾ ತುಂಬುತ್ತಾ ಕೊಲ್ಲಿಯ ಕಡೆಯಿಂದ ಇಳಿಯೋಕೆ ಎರಡು ರನ್‌ವೇ ಆದವು. ಹೆಸರು 28 ಎಲ್, 28 ಆರ್. ಎರಡೂ ದಿಕ್ಸೂಚಿಯ 280 ಡಿಗ್ರಿಯ ಆಸುಪಾಸಿಗೆ ಮುಖ ಮಾಡಿರೋದರಿಂದ 28. ಎಡಗಡೆಯದು ಎಲ್, ಬಲಗಡೆಯದು ಆರ್.

ಎರಡರ ನಡುಗೆರೆಗಳ ನಡುವೆ ಇರುವ ಅಂತರ 750 ಅಡಿ, ಅಂದರೆ 228 ಮೀಟರ್. ಪ್ರೊಪೆಲ್ಲರ್ ವಿಮಾನಗಳ ಕಾಲದಲ್ಲಿ ಇದು ಬೇಕಾದಷ್ಟಾಯ್ತು. ಇವತ್ತಿನ ಬೋಯಿಂಗ್ 777-300ಇಆರ್ ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 65 ಮೀಟರ್ ಇದೆ. ಅಂಥ ಎರಡು ವಿಮಾನ ತಮ್ಮ ತಮ್ಮ ನಡುಗೆರೆ ಹಿಡಿದು ಪಕ್ಕಪಕ್ಕ ಬಂದರೆ ರೆಕ್ಕೆ ರೆಕ್ಕೆಗಳ ನಡುವೆ ಉಳಿಯೋದು 163 ಮೀಟರ್.

ಆಕಾಶ ಶುಭ್ರವಾಗಿದ್ದರೆ ಇದು ಕಷ್ಟವೇನಲ್ಲ. ಕಂಟ್ರೋಲರ್ "ನಿಮ್ಮ ಎಡಗಡೆ ಒಂದು ವಿಮಾನ ಇದೆ, ಕಾಣಿಸ್ತಿದೆಯಾ?" ಅಂತ ಕೇಳ್ತಾರೆ. ಪೈಲಟ್ "ಕಾಣಿಸ್ತಿದೆ" ಅಂತಾರೆ. ಆ ಒಂದು ಮಾತಿನ ಜೊತೆ ದೊಡ್ಡ ಹೊಣೆಯೊಂದು ಕೈ ಬದಲಾಗುತ್ತೆ. ಅಲ್ಲೀವರೆಗೆ ಎರಡು ವಿಮಾನಗಳನ್ನ ದೂರ ಇಡೋದು ಕಂಟ್ರೋಲರ್ ಕೆಲಸ. ಅಲ್ಲಿಂದಾಚೆಗೆ ಅದು 'ಕಾಣಿಸ್ತಿದೆ' ಅಂದವರ ಕೆಲಸ. ಹೀಗೆ ಜೋಡಿಯಾಗಿ ಇಳಿಸಿದರೆ ಗಂಟೆಗೆ ಸುಮಾರು 60 ವಿಮಾನ.

ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಬೇಸಿಗೆ ಬೆಳಗು ಹೇಗಿರುತ್ತೆ ಅಂತ ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಪೆಸಿಫಿಕ್ ಕಡೆಯಿಂದ ತಗ್ಗು ಮೋಡ ಬಂದು ಊರಿನ ಮೇಲೆ ಕಂಬಳಿ ಹೊದಿಸಿಬಿಡುತ್ತೆ. ಪೈಲಟ್‌ಗೆ ಪಕ್ಕದ ವಿಮಾನ ಕಾಣಲ್ಲ. ಕಾಣದಿದ್ದರೆ ಇರೋ ಎರಡು ರನ್‌ವೇ ಒಂದೇ ಅಂತ ಲೆಕ್ಕ. 60 ಇದ್ದದ್ದು ಒಮ್ಮೆಗೇ 30ಕ್ಕೆ ಇಳಿಯುತ್ತೆ. ಆ ಬೆಳಗಿನ ಮೋಡಕ್ಕೆ ಮಧ್ಯಾಹ್ನದವರೆಗೂ ಅಮೆರಿಕದ ಇನ್ನೊಂದು ತುದಿಯ ಊರುಗಳಲ್ಲಿ ವಿಮಾನಗಳು ನೆಲದ ಮೇಲೇ ಕಾಯ್ತಾ ಕೂರುತ್ತವೆ.

ಕಣ್ಣಿನ ಮೇಲೆ ಎಷ್ಟು ನಂಬಿಕೆ ಇಡಬಹುದು ಅನ್ನೋ ಪ್ರಶ್ನೆ ಅಮೆರಿಕಕ್ಕೆ ಹೊಸದಲ್ಲ. 1956ರ ಜೂನ್ 30ರಂದು ಲಾಸ್ ಏಂಜಲೀಸ್‌ನಿಂದ ನಿಮಿಷಗಳ ಅಂತರದಲ್ಲಿ ಹೊರಟ ಎರಡು ವಿಮಾನಗಳು ಗ್ರ್ಯಾಂಡ್ ಕ್ಯಾನಿಯನ್ ಮೇಲೆ, 21,000 ಅಡಿ ಎತ್ತರದಲ್ಲಿ ಡಿಕ್ಕಿ ಹೊಡೆದವು. ಸತ್ತವರು 128 ಜನ. ಆಗ ಅಲ್ಲಿ ನಡೀತಿದ್ದ ನಿಯಮ 'ನೋಡಿ, ತಪ್ಪಿಸಿಕೊಳ್ಳಿ' ಅನ್ನೋದು. ಅಷ್ಟು ದೊಡ್ಡ ಖಾಲಿ ಆಕಾಶದಲ್ಲೂ ಎರಡು ವಿಮಾನ ಒಂದನ್ನೊಂದು ಹೊತ್ತಿಗೆ ಸರಿಯಾಗಿ ನೋಡಲಿಲ್ಲ. ಈ ಅಪಘಾತ ಎಬ್ಬಿಸಿದ ಗದ್ದಲದ ಫಲವಾಗಿ 1958ರಲ್ಲಿ ಹೊಸ ಕಾನೂನು ಬಂತು, ಈಗ ಎಫ್ಎಎ ಅಂತ ಕರೆಯುವ ಸಂಸ್ಥೆ ಹುಟ್ಟಿತು, ರಾಡಾರ್‌ಗಳಿಗೆ ದುಡ್ಡು ಬಂತು.

ಅದರ ಬೆನ್ನಿಗೇ ಜೆಟ್ ಯುಗ. ದೊಡ್ಡ ಊರುಗಳು ಜೋಡಿ ರನ್‌ವೇ ಕಟ್ಟಿದವು. ಮೋಡ ಇದ್ದಾಗಲೂ ಎರಡರಲ್ಲೂ ಒಟ್ಟಿಗೆ ಇಳಿಸಬಹುದಾ, ಇಳಿಸಿದರೆ ರನ್‌ವೇಗಳ ನಡುವೆ ಎಷ್ಟು ದೂರ ಇರಬೇಕು ಅನ್ನೋ ಲೆಕ್ಕ ಶುರುವಾಯ್ತು. 1960ರ ದಶಕದ ಆರಂಭದಲ್ಲಿ ಅಮೆರಿಕ ಒಪ್ಪಿದ್ದು 5,000 ಅಡಿ. 1974ರಲ್ಲಿ ಅದು 4,300 ಅಡಿಗೆ ಇಳೀತು.

ಈ 4,300 ಎಲ್ಲಿಂದ ಬಂತು? ಲೆಕ್ಕ ಸರಳ ಇದೆ, ಒಂದು ಸಲ ಜೊತೆಯಲ್ಲೇ ಮಾಡಿ ನೋಡೋಣ.

ಇಳಿಯುವ ವಿಮಾನದ ವೇಗ ಸುಮಾರು 140 ನಾಟ್ ಅಂತ ಇಟ್ಕೊಳ್ಳಿ. ಅಂದರೆ ಗಂಟೆಗೆ 260 ಕಿಲೋಮೀಟರ್, ಸೆಕೆಂಡಿಗೆ 72 ಮೀಟರ್. ಈಗ ಕೆಟ್ಟದ್ದನ್ನ ಊಹಿಸಿ. ಒಂದು ವಿಮಾನ ಯಾವುದೋ ಕಾರಣಕ್ಕೆ ತನ್ನ ದಾರಿ ಬಿಟ್ಟು 30 ಡಿಗ್ರಿ ಓರೆಯಾಗಿ ಪಕ್ಕದ ವಿಮಾನದ ಕಡೆಗೆ ತಿರುಗಿತು. ಇಂಥದ್ದಕ್ಕೆ ಆ ವೃತ್ತಿಯವರು ಇಟ್ಟಿರುವ ಹೆಸರು 'ಬ್ಲಂಡರ್'. 30 ಡಿಗ್ರಿ ತಿರುಗಿದರೆ ವೇಗದ ಅರ್ಧ ಪಕ್ಕಕ್ಕೆ ಹೋಗುತ್ತೆ, ಸೆಕೆಂಡಿಗೆ 36 ಮೀಟರ್. ರನ್‌ವೇ ಅಂತರ 228 ಮೀಟರ್ ಆದರೆ ಪಕ್ಕದವರ ದಾರಿ ಮುಟ್ಟೋಕೆ ಆರು ಸೆಕೆಂಡು ಚಿಲ್ಲರೆ.

ಆ ಕಾಲದ ವಿಮಾನ ನಿಲ್ದಾಣದ ರಾಡಾರ್ ಸುತ್ತುವ ಆಂಟೆನಾ. ಒಂದು ಸುತ್ತಿಗೆ 4.8 ಸೆಕೆಂಡು. ಅಂದರೆ ಪರದೆ ಮೇಲಿನ ಚುಕ್ಕೆ ಸುಮಾರು ಐದು ಸೆಕೆಂಡಿಗೊಮ್ಮೆ ಮಾತ್ರ ಜರುಗುತ್ತೆ. ಅಷ್ಟರಲ್ಲಿ ನಮ್ಮ ದಾರಿತಪ್ಪಿದ ವಿಮಾನ 173 ಮೀಟರ್ ಪಕ್ಕಕ್ಕೆ ಬಂದಾಗಿರುತ್ತೆ. ಕಂಟ್ರೋಲರ್ ಅದನ್ನ ನೋಡಬೇಕು, ನೋಡಿದ್ದನ್ನ ನಂಬಬೇಕು, ಮೈಕ್ ಒತ್ತಿ ಪಕ್ಕದ ವಿಮಾನಕ್ಕೆ ಹೇಳಬೇಕು. ಆ ಪೈಲಟ್ ಕೇಳಿಸ್ಕೋಬೇಕು, ತಿರುಗಿಸಬೇಕು, ವಿಮಾನ ತಿರುಗಬೇಕು. ನೂರಾರು ಟನ್ ತೂಕದ್ದು ಸ್ಕೂಟರಿನ ಹಾಗೆ ಥಟ್ಟಂತ ಹೊರಳಲ್ಲ.

ಅದಕ್ಕೇ 4,300 ಅಡಿ, ಅಂದರೆ 1,310 ಮೀಟರ್. ಅದರ ಸರಿ ಮಧ್ಯೆ 2,000 ಅಡಿ, ಅಂದರೆ 610 ಮೀಟರ್ ಅಗಲದ ಒಂದು ಪಟ್ಟಿಯನ್ನ ಬರೀ ಗಾಳಿಯಲ್ಲಿ ಎಳೆದರು. ಹೆಸರು 'ನೋ ಟ್ರಾನ್ಸ್‌ಗ್ರೆಶನ್ ಝೋನ್', ನಮ್ಮ ಮಾತಲ್ಲಿ ಹೇಳಬೇಕಂದರೆ ಕಾಲಿಡಬಾರದ ಪಟ್ಟಿ. ಎರಡು ಹೊಲಗಳ ನಡುವಿನ ಬದು ಇದ್ದ ಹಾಗೆ, ಯಾರೂ ಅಲ್ಲಿ ಉಳುಮೆ ಮಾಡೋ ಹಾಗಿಲ್ಲ. ಬದುವಿನ ಆಚೀಚೆ ಒಬ್ಬೊಬ್ಬರಿಗೆ 350 ಮೀಟರ್ ಸಿಗುತ್ತೆ, ಅದರೊಳಗೆ ಗಾಳಿಗೆ ಸ್ವಲ್ಪ ಅತ್ತಿತ್ತ ಆದರೂ ಸರಿ. ದಾರಿತಪ್ಪಿದ ವಿಮಾನ ಆ 350 ಮೀಟರ್ ದಾಟೋಕೆ ಹತ್ತು ಸೆಕೆಂಡು ಬೇಕು, ಅಂದರೆ ರಾಡಾರ್ ಎರಡು ಸಲ ನೋಡುತ್ತೆ. ಬದು ದಾಟೋಕೆ ಇನ್ನೂ ಹದಿನೇಳು. ಪಕ್ಕದವರನ್ನ ಮುಟ್ಟೋಕೆ ಮತ್ತೆ ಹತ್ತು. ಒಟ್ಟು ಮೂವತ್ತಾರು ಸೆಕೆಂಡು ಕೈಯಲ್ಲಿದೆ.

ಇಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಯಾರಾದರೂ ಬದುವಿಗೆ ಕಾಲಿಟ್ಟರೆ, ತಪ್ಪು ಮಾಡಿದವನನ್ನ ವಾಪಸ್ ಕರೆಯೋದರ ಮೇಲೆ ಈ ವ್ಯವಸ್ಥೆ ನಿಂತಿಲ್ಲ. ಅವನನ್ನೂ ಕರೀತಾರೆ, ಆದರೆ ಅವನು ಕೇಳಲ್ಲ ಅಂತಲೇ ಇಟ್ಕೊಂಡಿರ್ತಾರೆ. ರೇಡಿಯೋ ಕೆಟ್ಟಿರಬಹುದು, ಗಾಬರಿಯಲ್ಲಿರಬಹುದು, ವಿಮಾನವೇ ಮಾತು ಕೇಳ್ತಿಲ್ಲದೇ ಇರಬಹುದು. ಹಾಗಾಗಿ ಯಾವ ತಪ್ಪೂ ಮಾಡದೆ ತನ್ನ ದಾರಿಯಲ್ಲಿ ಬರ್ತಿರುವ ವಿಮಾನವನ್ನ ಆಚೆಗೆ ತಿರುಗಿಸ್ತಾರೆ. ಇದಕ್ಕೆ 'ಬ್ರೇಕ್‌ಔಟ್' ಅಂತಾರೆ. ಯಾರದು ಸರಿ ಯಾರದು ತಪ್ಪು ಅನ್ನೋ ಪಂಚಾಯ್ತಿ ಆಮೇಲೆ.

ಈ ಜೋಡಿ ದಾರಿಗಳನ್ನ ನೋಡ್ತಾ ಕೂರೋಕೆ ಅಂತಲೇ ಬೇರೆ ಕಂಟ್ರೋಲರ್‌ಗಳನ್ನ ಕೂರಿಸಿದರು. ಅವರಿಗೆ ಬೇರೆ ಕೆಲಸ ಇಲ್ಲ. ಇನ್ನು ವಿಮಾನಗಳು ಆ ನೇರ ದಾರಿಗೆ ಬಂದು ಸೇರಿಕೊಳ್ಳುವ ಗಳಿಗೆ ಎಲ್ಲಕ್ಕಿಂತ ಅಪಾಯದ್ದು, ತಿರುವಿನಲ್ಲಿ ಸ್ವಲ್ಪ ತಡವಾದರೆ ಪಕ್ಕದವರ ದಾರಿಗೇ ನುಗ್ಗಿಬಿಡ್ತಾರೆ. ಅದಕ್ಕೆ ಎರಡೂ ವಿಮಾನ ತಂತಮ್ಮ ದಾರಿ ಹಿಡಿದು ಸ್ಥಿರವಾಗುವವರೆಗೆ ಒಂದನ್ನ ಇನ್ನೊಂದಕ್ಕಿಂತ 1,000 ಅಡಿ ಮೇಲೆ ಇಡ್ತಾರೆ.

ಮುಂದಿನ ಪ್ರಶ್ನೆ ನೀವೇ ಊಹಿಸಿರ್ತೀರಿ. ಅಂತರವನ್ನ ಇನ್ನೂ ಕಮ್ಮಿ ಮಾಡಬಹುದಾ? ಭೂಮಿ ದುಬಾರಿ, ರನ್‌ವೇ ದುಬಾರಿ, ಕಾಯೋದು ಅದಕ್ಕಿಂತ ದುಬಾರಿ.

ಮಾಡಬಹುದು, ಆದರೆ ತೆಗೆದ ಪ್ರತಿ ಅಡಿಗೂ ಬದಲಿಗೆ ಏನಾದರೂ ಕೊಡಬೇಕು. 1990ರ ಆಸುಪಾಸಿನಲ್ಲಿ ಮೆಂಫಿಸ್ ಮತ್ತು ರಾಲಿ-ಡರ್ಹಮ್ ವಿಮಾನ ನಿಲ್ದಾಣಗಳಲ್ಲಿ 'ಪ್ರಿಸಿಶನ್ ರನ್‌ವೇ ಮಾನಿಟರ್' ಅನ್ನೋ ವ್ಯವಸ್ಥೆಯ ಪ್ರಯೋಗ ನಡೀತು. ಇದರ ಒಂದು ಬಗೆಯಲ್ಲಿ ಆಂಟೆನಾ ಸುತ್ತೋದೇ ಇಲ್ಲ. ದುಂಡಗೆ ನಿಲ್ಲಿಸಿದ ಆಂಟೆನಾಗಳು ತಮ್ಮ ಅಲೆಯನ್ನ ವಿದ್ಯುತ್ತಿನಿಂದಲೇ ಬೇಕಾದ ಕಡೆ ತಿರುಗಿಸ್ತವೆ. ಚುಕ್ಕೆ ಸೆಕೆಂಡಿಗೊಮ್ಮೆ ಹೊಸದಾಗುತ್ತೆ. ಕಂಪ್ಯೂಟರ್ ಹತ್ತು ಸೆಕೆಂಡು ಮುಂದಿನದ್ದನ್ನ ಲೆಕ್ಕ ಹಾಕಿ, ವಿಮಾನ ಬದುವಿಗೆ ಕಾಲಿಡೋ ಹಾಗೆ ಕಂಡರೆ ಹಳದಿ ಬಣ್ಣ ತೋರಿಸುತ್ತೆ. ಇಟ್ಟೇಬಿಟ್ಟರೆ ಕೆಂಪು. ಇಷ್ಟನ್ನ ಕೊಟ್ಟ ಮೇಲೆ 4,300 ಅಡಿ ಹೋಗಿ 3,400 ಅಡಿ ಸಾಕು ಅಂತಾಯ್ತು. ಕಾಲಿಡಬಾರದ ಪಟ್ಟಿಯ 2,000 ಅಡಿಯನ್ನ ಮಾತ್ರ ಯಾರೂ ಮುಟ್ಟಲಿಲ್ಲ, ಕಮ್ಮಿಯಾಗಿದ್ದು ಆಚೀಚಿನ ಜಾಗ. ಪ್ರತಿಯೊಬ್ಬರಿಗೆ 213 ಮೀಟರ್, ನಮ್ಮ ಲೆಕ್ಕದಲ್ಲಿ ಆರೇ ಸೆಕೆಂಡು. ಹಳೇ ರಾಡಾರ್ ಆಗಿದ್ದರೆ ಅಷ್ಟರಲ್ಲಿ ಒಂದೇ ಸಲ ನೋಡ್ತಿತ್ತು.

ಬರೀ ಯಂತ್ರ ಅಲ್ಲ, ಮನುಷ್ಯರಿಗೂ ಹೊಸ ಕಟ್ಟುಪಾಡು ಬಂತು. ಇಂಥ ರನ್‌ವೇಗೆ ಬರುವ ಪೈಲಟ್‌ಗಳಿಗೆ ಬೇರೆ ತರಬೇತಿ. ಬ್ರೇಕ್‌ಔಟ್ ಅಂತ ಹೇಳಿದ ತಕ್ಷಣ ಆಟೋಪೈಲಟ್ ಬಿಟ್ಟು ಕೈಯಾರೆ ತಿರುಗಿಸಬೇಕು, ಯಾಕಂದರೆ ಆಟೋಪೈಲಟ್ ನಿಧಾನ. ಇನ್ನೊಂದು, ಅವರು ಒಂದೇ ಹೊತ್ತಿಗೆ ಎರಡು ರೇಡಿಯೋ ಕೇಳಬೇಕು. ಮಾತಾಡೋದು ಒಂದರಲ್ಲಿ, ಕೇಳೋದು ಎರಡರಲ್ಲೂ. ಯಾಕೆ ಗೊತ್ತಾ? ಯಾವುದೋ ವಿಮಾನದಲ್ಲಿ ಮೈಕ್ ಗುಂಡಿ ಸಿಕ್ಕಿಹಾಕ್ಕೊಂಡರೆ ಆ ತರಂಗಾಂತರದಲ್ಲಿ ಬೇರೆ ಯಾರೂ ಮಾತಾಡೋಕಾಗಲ್ಲ. ಎಚ್ಚರಿಕೆ ಹೇಳಲೇಬೇಕಾದ ಗಳಿಗೆಯಲ್ಲಿ ಹೀಗಾದರೆ? ಆಫೀಸ್ ಕಾಲ್‌ನಲ್ಲಿ ಯಾರೋ ಒಬ್ಬರು ಮ್ಯೂಟ್ ಮಾಡೋದು ಮರೆತು ಮನೆಯ ಕುಕ್ಕರ್ ಕೂಗಿಸ್ತಾರಲ್ಲ, ಅದೇ ಸಮಸ್ಯೆ. ಆದರೆ ಇಲ್ಲಿ ಹೋಗೋದು ಮೀಟಿಂಗ್ ಅಲ್ಲ. ಹಾಗಾಗಿ ಅದೇ ಮಾತು ಎರಡು ದಾರಿಯಲ್ಲಿ ಹೋಗುತ್ತೆ.

ವಿಮಾನದಲ್ಲೇ ಎಚ್ಚರಿಸುವ ಯಂತ್ರ ಇರುತ್ತಲ್ಲ ಅಂತ ನೀವು ಕೇಳಬಹುದು. ಇರುತ್ತೆ, ಟಿಕ್ಯಾಸ್. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನಗಳು ಡಿಕ್ಕಿ ಹೊಡೆದು 349 ಜನ ಸತ್ತ ಮೇಲೆ ನಮ್ಮ ದೇಶವೂ ಅದನ್ನ ಕಡ್ಡಾಯ ಮಾಡಿತು. ಆದರೆ ಅದು ಹೇಳೋದು ಮೇಲೇರು ಇಲ್ಲಾ ಕೆಳಗಿಳಿ ಅಂತ ಮಾತ್ರ, ಎಡಕ್ಕೆ ಬಲಕ್ಕೆ ತಿರುಗು ಅಂತ ಹೇಳಲ್ಲ. ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಬಂದ ಮೇಲೆ ಅದೂ ಇಲ್ಲ, ಏರು-ಇಳಿ ಅನ್ನೋ ಆದೇಶವನ್ನೇ ನಿಲ್ಲಿಸಿಬಿಡುತ್ತೆ. ಪಕ್ಕದ ರನ್‌ವೇಗೆ ಸರಿಯಾಗೇ ಬರ್ತಿರುವ ವಿಮಾನ ಕಂಡೂ ಅದು ಕೂಗಬಹುದು. ಜೋಡಿ ರನ್‌ವೇಯ ಕೊನೆಯ ಗಳಿಗೆಗೆ ಅದನ್ನೊಂದೇ ನೆಚ್ಚಿಕೊಳ್ಳೋಕಾಗಲ್ಲ.

ಇಷ್ಟೆಲ್ಲ ಆದರೂ ಸ್ಯಾನ್ ಫ್ರಾನ್ಸಿಸ್ಕೋದ ಗಂಟು ಬಿಚ್ಚಲಿಲ್ಲ. 3,400 ಎಲ್ಲಿ, 750 ಎಲ್ಲಿ? 750 ಅಡಿಯಲ್ಲಿ ಕಾಲಿಡಬಾರದ ಪಟ್ಟಿ ಎಳೆಯೋಕೇ ಜಾಗ ಇಲ್ಲ. ಜೊತೆಗೆ ಸುಳಿಗಾಳಿಯ ಕಾಟ. ದೊಡ್ಡ ವಿಮಾನದ ರೆಕ್ಕೆತುದಿಗಳಿಂದ ಎರಡು ಸುಳಿ ಹುಟ್ಟಿ ಹಿಂದೆ ಉಳಿಯುತ್ತವೆ, ನಿಧಾನಕ್ಕೆ ಕೆಳಗಿಳೀತಾ ಗಾಳಿ ಬೀಸಿದ ಕಡೆ ಸರೀತವೆ. ಹಿಂದೆ ಬರುವ ಸಣ್ಣ ವಿಮಾನವನ್ನ ಅವು ಮಗುಚಿಹಾಕಬಲ್ಲವು. ಅದಕ್ಕೇ 2,500 ಅಡಿಗಿಂತ ಹತ್ತಿರದ ಎರಡು ರನ್‌ವೇಗಳನ್ನ ಸುಳಿಗಾಳಿಯ ಲೆಕ್ಕದಲ್ಲಿ ಒಂದೇ ರನ್‌ವೇ ಅಂತ ನೋಡೋದು ಅಮೆರಿಕದ ಪದ್ಧತಿ.

ಕೊಲ್ಲಿಗೆ ಇನ್ನಷ್ಟು ಮಣ್ಣು ತುಂಬಿ ರನ್‌ವೇಗಳನ್ನ ದೂರ ದೂರ ಕಟ್ಟೋಣ ಅನ್ನೋ ಯೋಜನೆ 1990ರ ದಶಕದ ಕೊನೆಯಲ್ಲಿ ಎದ್ದಿತ್ತು. ಕೊಲ್ಲಿ ಉಳಿಸಿ ಅನ್ನುವವರ ವಿರೋಧ, ಖರ್ಚು ಎಲ್ಲ ಸೇರಿ ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು. ನಮ್ಮೂರಲ್ಲಿ ಕೆರೆ ತುಂಬಿ ಬಸ್ ಸ್ಟ್ಯಾಂಡು, ಸ್ಟೇಡಿಯಂ ಕಟ್ಟಿದ್ದನ್ನ ನೋಡಿರುವ ನನಗೆ ಇದನ್ನ ಓದಿ ಸ್ವಲ್ಪ ಹೊಟ್ಟೆಕಿಚ್ಚಾಯ್ತು.

ಮಣ್ಣು ತುಂಬೋಕಾಗಲಿಲ್ಲ, ಕೋನ ಬದಲಾಯಿಸಿದರು. 2004ರಲ್ಲಿ ಅಲ್ಲಿ ಶುರುವಾದ ಹೊಸ ಪದ್ಧತಿಯ ಉಪಾಯ ಇಷ್ಟು. ಎಡ ರನ್‌ವೇಗೆ ಬರುವ ವಿಮಾನ ನೇರ ಬರುತ್ತೆ. ಬಲ ರನ್‌ವೇಗೆ ಬರುವುದು ಎರಡು-ಮೂರು ಡಿಗ್ರಿ ಓರೆಯಾಗಿ, ಸ್ವಲ್ಪ ಹಿಂದೆ ಬರುತ್ತೆ. ಓರೆಯಾಗಿರೋದರಿಂದ ದೂರದಲ್ಲಿ, ಮೋಡದೊಳಗಿದ್ದಾಗ, ಇಬ್ಬರ ನಡುವೆ ಬೇಕಾದಷ್ಟು ಜಾಗ ಇರುತ್ತೆ. ವೇಗದ ರಾಡಾರ್, ಬದು, ಎರಡು ರೇಡಿಯೋ ಎಲ್ಲ ಅಲ್ಲೀತನಕ ಕಾಯ್ತವೆ. ಅಂತರ 3,000 ಅಡಿಗೆ ಇಳಿಯೋ ಹೊತ್ತಿಗೆ ಇಬ್ಬರೂ ಮೋಡದಿಂದ ಕೆಳಗೆ ಬಂದಿರಬೇಕು. ಆಗ ಹಿಂದಿನ ಪೈಲಟ್ ಮುಂದಿನ ವಿಮಾನವನ್ನ ಕಣ್ಣಾರೆ ನೋಡಿ 'ಕಾಣಿಸ್ತಿದೆ' ಅನ್ನಬೇಕು. ಆಮೇಲಷ್ಟೇ ಪಕ್ಕಕ್ಕೆ ಸರಿದು ತನ್ನ ರನ್‌ವೇಗೆ ನೇರವಾಗಬಹುದು. ಕಾಣಲಿಲ್ಲವಾ, ಮಾತಿಲ್ಲ, ಮೇಲೇರಿ ಹೊರಟುಹೋಗಬೇಕು. ಗಂಟೆಗೆ 30 ಇದ್ದದ್ದು 38ರ ಆಸುಪಾಸಿಗೆ ಏರಬಹುದು ಅನ್ನೋದು ಲೆಕ್ಕ. ಇಷ್ಟೆಲ್ಲ ಪಾಡು ಏಳೆಂಟು ವಿಮಾನಕ್ಕೆ.

ನೋಡಿ, ಕಣ್ಣನ್ನ ನಂಬಬೇಡಿ ಅಂತ 1956ರಲ್ಲಿ ಶುರುವಾದ ಪ್ರಯಾಣ ಅರ್ಧ ಶತಮಾನದ ನಂತರ ಮತ್ತೆ ಕಣ್ಣಿಗೇ ಬಂದು ನಿಂತಿತು. ಈ ಸಲ ಕಣ್ಣಿನ ಹಿಂದೆ ರಾಡಾರ್ ಇತ್ತು, ಅಷ್ಟೇ ವ್ಯತ್ಯಾಸ. ಆದರೂ ಕಣ್ಣು ಕಣ್ಣೇ.

2017ರ ಜುಲೈ 7, ಅದೇ ಸ್ಯಾನ್ ಫ್ರಾನ್ಸಿಸ್ಕೋ, ನಡುರಾತ್ರಿಗೆ ಇನ್ನೇನು ಕೆಲವೇ ನಿಮಿಷ. ಟೊರಾಂಟೋದಿಂದ ಬಂದ ಏರ್ ಕೆನಡಾ 759, ಒಳಗೆ 140 ಜನ. ಇಳಿಯಬೇಕಾದ್ದು 28 ಆರ್ ಮೇಲೆ. ಆ ರಾತ್ರಿ ಕಾಮಗಾರಿಗೆ ಅಂತ 28 ಎಲ್ ಮುಚ್ಚಿತ್ತು, ದೀಪ ಆರಿಸಿದ್ದರು. ಪೈಲಟ್‌ಗಳ ತಲೆಯಲ್ಲಿ ಇದ್ದ ಚಿತ್ರ ಮಾಮೂಲಿನದು, ಎರಡು ರನ್‌ವೇ, ಬಲಗಡೆಯದು ನಮ್ಮದು. ಕಣ್ಣಿಗೆ ಕಂಡಿದ್ದೂ ಎರಡು ದೀಪದ ಸಾಲು. ಆದರೆ ಎಡದ ಸಾಲು ನಿಜವಾದ 28 ಆರ್, ಬಲದ ಸಾಲು ಅದರ ಪಕ್ಕದ ಟ್ಯಾಕ್ಸಿವೇ. ಆ ಟ್ಯಾಕ್ಸಿವೇ ಮೇಲೆ ಜನ ತುಂಬಿದ ನಾಲ್ಕು ವಿಮಾನಗಳು ಹೊರಡೋಕೆ ಸಾಲಾಗಿ ನಿಂತಿದ್ದವು.

ಪೈಲಟ್‌ಗಳಿಗೆ ಅನುಮಾನ ಬಂತು. ರನ್‌ವೇ ಮೇಲೆ ದೀಪಗಳು ಕಾಣಿಸ್ತಿವೆ, ಇಳಿಯೋಕೆ ಅನುಮತಿ ಇದೆಯಲ್ಲ ಅಂತ ಟವರ್‌ಗೆ ಕೇಳಿದರು. 28 ಆರ್ ಮೇಲೆ ನಿಮ್ಮನ್ನ ಬಿಟ್ಟು ಯಾರೂ ಇಲ್ಲ ಅಂತ ಉತ್ತರ ಬಂತು. ಎರಡೂ ಕಡೆಯವರು ಸತ್ಯವನ್ನೇ ಹೇಳ್ತಿದ್ದರು, ಬೇರೆ ಬೇರೆ ಡಾಂಬರಿನ ಬಗ್ಗೆ. ಕೆಳಗೆ ಸಾಲಿನಲ್ಲಿ ಮೊದಲು ನಿಂತಿದ್ದ ವಿಮಾನದ ಪೈಲಟ್ ರೇಡಿಯೋದಲ್ಲಿ, ಇವನು ಎಲ್ಲಿಗೆ ಬರ್ತಿದ್ದಾನೆ, ಟ್ಯಾಕ್ಸಿವೇ ಮೇಲಿದ್ದಾನೆ ಅಂತ ಕೂಗಿದರು. ಅಷ್ಟರಲ್ಲಿ ಮೇಲಿನವರಿಗೂ ಏನೋ ಸರಿಯಿಲ್ಲ ಅನ್ನಿಸಿ ಮೇಲೇರೋಕೆ ಶುರು ಮಾಡಿದ್ದರು. ಅತಿ ಕೆಳಗೆ ಬಂದಾಗ ಅವರ ಎತ್ತರ ನೆಲದಿಂದ ಸುಮಾರು 60 ಅಡಿ. ಕೆಳಗೆ ನಿಂತಿದ್ದಂಥ ದೊಡ್ಡ ವಿಮಾನದ ಬಾಲದ ತುದಿಯೇ ಸುಮಾರು 55 ಅಡಿ ಎತ್ತರ ಇರುತ್ತೆ. ಒಂದು ಸಾವಿರಕ್ಕೂ ಹೆಚ್ಚು ಜನ ಆ ರಾತ್ರಿ ಉಳಿದುಕೊಂಡರು, ಅವರಲ್ಲಿ ಬಹಳ ಜನಕ್ಕೆ ಅದು ಗೊತ್ತೂ ಇರಲಿಲ್ಲ.

ತನಿಖೆಯಲ್ಲಿ ಬಂದ ಒಂದು ವಿವರ ನನ್ನನ್ನ ಬಿಟ್ಟಿಲ್ಲ. 28 ಎಲ್ ಮುಚ್ಚಿದೆ ಅನ್ನೋ ಸೂಚನೆ ಪೈಲಟ್‌ಗಳ ಕೈಗೆ ಹೋಗಿತ್ತು. 27 ಪುಟದ ಕಡತದಲ್ಲಿ ಎಂಟನೇ ಪುಟದಲ್ಲಿ ಇತ್ತು. ಹೇಳಿಲ್ಲ ಅನ್ನೋ ಹಾಗಿಲ್ಲ. "ಮೇಲ್‌ನಲ್ಲಿ ಹಾಕಿದ್ದೆನಲ್ಲ" ಅಂತ ನಾವು ದಿನಾ ಆಫೀಸಲ್ಲಿ ಹೇಳ್ತೀವಿ, ಕೇಳಿಸ್ಕೊಳ್ತೀವಿ. ಹೇಳೋದು ಬೇರೆ, ತಲುಪೋದು ಬೇರೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ? ಆಮೇಲೆ ಎಫ್ಎಎ ಅಲ್ಲಿ ನಿಯಮ ಬದಲಾಯಿಸಿತು. ಪಕ್ಕದ ಜೋಡಿ ರನ್‌ವೇ ಮುಚ್ಚಿದ್ದಾಗ ರಾತ್ರಿ ಬರೀ ಕಣ್ಣಿನ ಅಂದಾಜಿನಲ್ಲಿ ಇಳಿಯೋ ಹಾಗಿಲ್ಲ, ಯಂತ್ರದ ದಾರಿ ಹಿಡಿದೇ ಬರಬೇಕು.

ಇದೆಲ್ಲ ದೂರದ ಕತೆ ಅಂದುಕೊಂಡರೆ, ನಮ್ಮ ಬೆಂಗಳೂರಿಗೆ ಬನ್ನಿ. ದೇವನಹಳ್ಳಿಯಲ್ಲಿ ಎರಡನೇ ರನ್‌ವೇ ಶುರುವಾಗಿದ್ದು 2019ರ ಡಿಸೆಂಬರಿನಲ್ಲಿ. ಮೊದಲಿನದಕ್ಕೆ ಸಮಾನಾಂತರ, ಒಂದು ಉತ್ತರ, ಒಂದು ದಕ್ಷಿಣ. ಇಲ್ಲಿ 750 ಅಡಿಯ ಇಕ್ಕಟ್ಟಿಲ್ಲ, ಅಂತರ ಧಾರಾಳ. ಆದರೂ 2022ರ ಜನವರಿ 7ರ ಬೆಳಗ್ಗೆ ಏನಾಯ್ತು ಗೊತ್ತಲ್ಲ. ಆವತ್ತು ಹೊರಡೋ ವಿಮಾನಗಳಿಗೆ ಉತ್ತರದ ರನ್‌ವೇ, ಬರೋದಕ್ಕೆ ದಕ್ಷಿಣದ್ದು ಅಂತ ನಡೀತಿತ್ತು. ಸ್ವಲ್ಪ ಹೊತ್ತಿನ ಮೇಲೆ ಪಾಳಿಯ ಮುಖ್ಯಸ್ಥರು ಬರೋದು ಹೋಗೋದು ಎರಡಕ್ಕೂ ಉತ್ತರದ್ದನ್ನೇ ಬಳಸೋಣ, ದಕ್ಷಿಣದ್ದನ್ನ ಮುಚ್ಚೋಣ ಅಂತ ತೀರ್ಮಾನಿಸಿದರು. ದಕ್ಷಿಣದ ರನ್‌ವೇ ನೋಡಿಕೊಳ್ತಿದ್ದ ಕಂಟ್ರೋಲರ್‌ಗೆ ಮಾತ್ರ ಯಾರೂ ಹೇಳಲಿಲ್ಲ.

ಅವರು ಕೋಲ್ಕತ್ತಾಗೆ ಹೊರಟ ವಿಮಾನಕ್ಕೆ ಅನುಮತಿ ಕೊಟ್ಟರು. ಅದೇ ಹೊತ್ತಿಗೆ ಉತ್ತರದವರು ಭುವನೇಶ್ವರದ ವಿಮಾನಕ್ಕೆ ಕೊಟ್ಟರು. ಎರಡೂ ಮೇಲೆದ್ದು ಒಂದರ ಕಡೆಗೊಂದು ಬರೋಕೆ ಶುರು ಮಾಡಿದವು. ಎರಡರಲ್ಲೂ ಸೇರಿ 426 ಜನ. ಉಳಿಸಿದ್ದು ರಾಡಾರ್ ಮುಂದೆ ಕೂತಿದ್ದ ಒಬ್ಬ ಕಂಟ್ರೋಲರ್. ಪರದೆ ನೋಡಿ, ಎರಡೂ ವಿಮಾನಗಳಿಗೆ ಬೇರೆ ಬೇರೆ ದಿಕ್ಕು ಹೇಳಿ ತಿರುಗಿಸಿದರು. ಘಟನೆ ಮೊದಲಿಗೆ ಯಾವ ಲಾಗ್‌ಬುಕ್ಕಲ್ಲೂ ದಾಖಲಾಗಿರಲಿಲ್ಲ ಅಂತ ಆಗ ಪತ್ರಿಕೆಗಳಲ್ಲಿ ಬಂತು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾಗ ಇರಲಿಲ್ಲ. ಜಾಗ ಇಲ್ಲ ಅಂತ ಎಲ್ಲರಿಗೂ ಗೊತ್ತಿದ್ದದ್ದಕ್ಕೇ ರಾಡಾರ್, ಬದು, ಎರಡು ರೇಡಿಯೋ ಎಲ್ಲ ಬಂದವು. ನಮ್ಮಲ್ಲಿ ಜಾಗ ಇತ್ತು. ಇಲ್ಲದೇ ಹೋಗಿದ್ದು ಒಬ್ಬರು ಇನ್ನೊಬ್ಬರಿಗೆ ಹೇಳಬೇಕಿದ್ದ ಒಂದು ವಾಕ್ಯ. 'ದಕ್ಷಿಣದ್ದು ಮುಚ್ಚಿದೆ'. ಎರಡೇ ಪದ. ಪ್ರಾಯಶಃ ಆ ಕೋಣೆಯಲ್ಲೂ ಯಾರೋ ಅಂದುಕೊಂಡಿರಬೇಕು, ಅವರಿಗೆ ಗೊತ್ತಿರುತ್ತೆ ಬಿಡಿ ಅಂತ.

ಮೊನ್ನೆ ನಮ್ಮ ಟೀಮಲ್ಲಿ ಒಂದು ರಿಲೀಸ್ ಇತ್ತು. ಕೊನೇ ಗಳಿಗೆಯಲ್ಲಿ ಒಂದು ಸರ್ವರ್ ಬಳಸೋದು ಬೇಡ ಅಂತ ನಾವು ಮೂವರು ತೀರ್ಮಾನ ಮಾಡಿದೆವು. ಪಕ್ಕದ ಸಾಲಿನವರಿಗೆ ಮೆಸೇಜ್ ಹೋಗಿದೆ ಅಂತ ಒಬ್ಬರು ಅಂದರು. ನಾನು ಎದ್ದು ಹೋಗಿ ಕೇಳಿದೆ. ಹೋಗಿತ್ತು, ನೋಡಿರಲಿಲ್ಲ. ಸತ್ತುಬಿಡೋರು ಯಾರೂ ಇರಲಿಲ್ಲ ಬಿಡಿ, ನಮ್ಮದು ಅಂಥ ಕೆಲಸ ಅಲ್ಲ. ಆದರೂ ಎದ್ದು ಹೋಗಿದ್ದಕ್ಕೆ ಸಮಾಧಾನ ಆಯ್ತು.

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಶುರುವಾಗಿದ್ದು 2021ರ ಜನವರಿಯಲ್ಲಿ. ನಮ್ಮೂರ ಅಪ್ಪ-ಅಮ್ಮಂದಿರು ಎಷ್ಟೋ ಜನ ಈಗ ಆ ಕೊಲ್ಲಿಯ ಮೇಲೆ ಇಳಿದಿದ್ದಾರೆ. ಆ ಮೈಸೂರಿನ ಅಮ್ಮ ಮತ್ತೆ ಸಿಕ್ಕಿ ಅದೇ ಪ್ರಶ್ನೆ ಕೇಳಿದರೆ ಈಗ ನಾನು ಬೇರೆ ಉತ್ತರ ಕೊಡ್ತೀನಿ. "ಅಮ್ಮ, ಆ ಪಕ್ಕದ ಪ್ಲೇನಿನವರು ನಮ್ಮನ್ನ ನೋಡ್ತಿದ್ದಾರೆ. ನೋಡ್ತಿದ್ದೀನಿ ಅಂತ ಬಾಯಿಬಿಟ್ಟು ಹೇಳಿದ್ದಾರೆ. ಅದಕ್ಕೇ ಇಷ್ಟು ಹತ್ತಿರ ಬರೋಕೆ ಬಿಟ್ಟಿದ್ದಾರೆ."